ಪ್ರಸಂಗವಿಲ್ಲದ ಪಾತ್ರಧಾರಿ

ನೀವು ಕೂತಿರುವುದು ಬ್ರಿಟನ್ನಿನ ಒಂದು ಟೀವಿ ಸ್ಟುಡಿಯೊದಲ್ಲಿ, ಪ್ರೇಕ್ಷಕರ ಸಾಲಿನಲ್ಲಿ. ಕಾಲ 1990ರ ಆಸುಪಾಸು. ಎದುರಿಗೆ ಹೇಳಿಕೊಳ್ಳುವಂಥ ರಂಗಸಜ್ಜೇನೂ ಇಲ್ಲ. ಹಿಂದೆ ಸಾಲಾಗಿ ನಾಲ್ಕು ಕುರ್ಚಿ, ಅವುಗಳ ಮುಂದೆ ಖಾಲಿ ನೆಲ. ಒಂದು ಪಕ್ಕಕ್ಕೆ ಮೇಜು. ಅದರ ಹಿಂದೆ ಕ್ಲೈವ್ ಆಂಡರ್ಸನ್, ಮೂಲತಃ ಬ್ಯಾರಿಸ್ಟರ್. ಕೋರ್ಟಿನಲ್ಲಿ ಸಾಕ್ಷಿಗಳ ಕಾಲೆಳೆದ ಅಭ್ಯಾಸ ಇಲ್ಲೂ ಬಿಟ್ಟಿಲ್ಲ. ಅವರ ಕೈಗೆಟಕುವ ಹಾಗೆ ಒಂದು ಬಜರ್. ಆ ಕಡೆ ಪಿಯಾನೊ ಮುಂದೆ ರಿಚರ್ಡ್ ವ್ರಾಂಚ್. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಕೊನೆಗೆ ಪಿಯಾನೊ ಮುಂದೆ ಬಂದು ಕೂತ ಮನುಷ್ಯ. ಕಾರ್ಯಕ್ರಮದ ಹೆಸರು ‘ಹೂಸ್ ಲೈನ್ ಈಸ್ ಇಟ್ ಎನಿವೇ?’. 1988ರಲ್ಲಿ ಮೊದಲು ಬಿಬಿಸಿ ರೇಡಿಯೊ 4ರಲ್ಲಿ ಆರು ಕಂತು ಬಂತು. ಅದೇ ವರ್ಷ ಚಾನೆಲ್ 4ಕ್ಕೆ ಹಾರಿತು.

ನಾಲ್ಕು ಕುರ್ಚಿಗಳಲ್ಲಿ ಒಂದರ ಮೇಲೆ ಕೂತವನನ್ನು ನೋಡಿ. ಕಪ್ಪು ಕೂದಲು, ಸಿನಿಮಾ ನಾಯಕನಿಗೆ ಸಲ್ಲುವ ಮುಖ, ಶಾಲೆಯ ಹಿಂದಿನ ಬೆಂಚಿಗೆ ಸಲ್ಲುವ ನಗು. ಟೋನಿ ಸ್ಲಾಟರಿ. ಇನ್ನೂ ಅವನ ಸರದಿ ಬಂದಿಲ್ಲ. ಆದರೂ ಮೈ ಮುಂದಕ್ಕೆ ಬಾಗಿದೆ.

ಆಂಡರ್ಸನ್ ಕಾರ್ಡು ಓದುತ್ತಾರೆ. ಇಬ್ಬರು ಆಟಗಾರರು ಒಂದು ದೃಶ್ಯ ಕಟ್ಟಬೇಕು. ಜಾಗ ಯಾವುದು, ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನು ಆಗಲೇ ಹೇಳುತ್ತಾರೆ. ದೃಶ್ಯ ಹತ್ತಿಕೊಳ್ಳುವಷ್ಟರಲ್ಲಿ ಬಜರ್ ಬೀಳುತ್ತದೆ. ಇನ್ನು ಅದೇ ದೃಶ್ಯ ಭೂತದ ಸಿನಿಮಾ ಆಗಬೇಕು. ಮತ್ತೆ ಬಜರ್. ಷೇಕ್ಸ್‌ಪಿಯರ್ ಆಗಬೇಕು. ಮತ್ತೆ ಬಜರ್. ಒಪೆರಾ ಆಗಬೇಕು. ಆ ಶೈಲಿಗಳ ಪಟ್ಟಿಯನ್ನು ಕೊಡುವವರು ನೀವೇ, ಪ್ರೇಕ್ಷಕರು. ನೀವು ಕೂಗಿದ್ದನ್ನೇ ಆಂಡರ್ಸನ್ ಬರೆದಿಟ್ಟುಕೊಂಡಿದ್ದಾರೆ.

ಜಾಗ ಹಲ್ಲಿನ ಡಾಕ್ಟರ ಕೋಣೆ ಅಂತಿಟ್ಟುಕೊಳ್ಳಿ. ಇಬ್ಬರೂ ನಡುಮನೆಗೆ ಬಂದ ನೆಂಟರ ಹಾಗೆ ಖಾಲಿ ನೆಲದ ಮೇಲೆ ನಿಂತಿದ್ದಾರೆ. ಎದುರಿನವನು ಬಾಯಿ ತೆರೆದು, “ಅಪ್ಪಾ, ನೀವು ಯಾವಾಗ ಡಾಕ್ಟರಾದಿರಿ?” ಎನ್ನುತ್ತಾನೆ. ಈ ಒಂದು ಸಾಲಿನಲ್ಲಿ ಎಷ್ಟು ಸಾಮಾನು ಬಂತು ನೋಡಿ. ಇವನು ಅಪ್ಪನಾದ. ಬಹುಶಃ ಸುಳ್ಳು ಡಾಕ್ಟರೂ ಆದ. ಮಗನ ಬಾಯೊಳಗೆ ಕೈ ಹಾಕುವವನೂ ಆದ. ಆಶುನಟರು ಇಂಥ ಸಾಲನ್ನು ಆಫರ್ ಎನ್ನುತ್ತಾರೆ. “ನಾನು ನಿನ್ನ ಅಪ್ಪ ಅಲ್ಲ” ಎಂದುಬಿಟ್ಟರೆ ಅದು ಬ್ಲಾಕ್. ದೃಶ್ಯ ಅಲ್ಲೇ ಸತ್ತುಬೀಳುತ್ತದೆ. ಹೂಂ ಎನ್ನಬೇಕು, ಮೇಲೆ ಒಂದು ಹಿಡಿ ತನ್ನದೂ ಹಾಕಬೇಕು. “ನಿನ್ನೆ ರಾತ್ರಿ, ಮಗನೇ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ.” ಈಗ ಅಮ್ಮನೂ ಕೋಣೆಗೆ ಬಂದಳು. ಈ ಆಫರ್, ಬ್ಲಾಕ್ ಎಂಬ ಮಾತುಗಳನ್ನು ನಟರ ಬಾಯಿಗೆ ಹತ್ತಿಸಿದವರಲ್ಲಿ ಮುಖ್ಯರು ಕೀತ್ ಜಾನ್‌ಸ್ಟನ್. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಕೆಲಸ ಮಾಡಿದವರು. ಅವರ ‘ಇಂಪ್ರೊ’ ಪುಸ್ತಕ 1979ರಲ್ಲಿ ಬಂತು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಮಾತು ಆ ಕ್ಷಣಕ್ಕೆ ಹುಟ್ಟುವುದು ಹೊಸ ಸಂಗತಿಯಲ್ಲ. ಆದರೆ ಅರ್ಥಧಾರಿಗೆ ಪ್ರಸಂಗ ಗೊತ್ತಿರುತ್ತದೆ, ಭಾಗವತರ ಪದ ದಾರಿ ತೋರುತ್ತದೆ. ಕೃಷ್ಣನೂ ಕೌರವನೂ ಎಷ್ಟೇ ವಾದಿಸಿದರೂ ಸಂಧಾನ ಮುರಿಯಲೇಬೇಕು. ಇಲ್ಲಿ ಪ್ರಸಂಗವೇ ಇಲ್ಲ. ಇರುವುದು ಎದುರಿನವನ ಬಾಯಿಂದ ಈಗಷ್ಟೇ ಬಿದ್ದ ಒಂದು ಸಾಲು. ಅದನ್ನು ಕೇಳಿಸಿಕೊಳ್ಳದಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬಜರ್ ಬಿತ್ತು. ಟೋನಿ ನೆಲಕ್ಕೆ ಬೀಳುತ್ತಾನೆ. ಧಡ್ಡನೆ, ನೇರ ಬೆನ್ನಿನ ಮೇಲೆ. ಮುಂದಿನ ಸಾಲಿನವರು ಉಸಿರು ಎಳೆದುಕೊಳ್ಳುತ್ತಾರೆ. ಅವನಿಗೆ ಏನೂ ಆಗಿಲ್ಲ. ಬೀಳುವುದನ್ನು ಅವನು ನಾಟಕಶಾಲೆಯಲ್ಲಿ ಕಲಿತದ್ದಲ್ಲ. ಹುಡುಗನಾಗಿದ್ದಾಗ ಜೂಡೊ ಆಡಿ, 15ರೊಳಗಿನವರ ವಿಭಾಗದಲ್ಲಿ ಇಂಗ್ಲೆಂಡಿನ ಪರ ಕಣಕ್ಕಿಳಿದವನು, ಕಪ್ಪು ಬೆಲ್ಟು ಪಡೆದವನು. ಬಿದ್ದಲ್ಲಿಂದಲೇ ಮಾತು ಶುರು. ಮೊದಲು ಪೋಲಿ ಮಾತು. ಪೋಲಿತನದಲ್ಲಿ ಈ ನಾಲ್ವರಲ್ಲಿ ಅವನನ್ನು ಮೀರಿಸುವವರಿಲ್ಲ, ಆಂಡರ್ಸನ್ ಕಣ್ಣು ಬಿಟ್ಟು ಬಜರಿನ ಕಡೆ ಕೈ ಚಾಚುತ್ತಾರೆ. ಅದರ ಬೆನ್ನಿಗೇ ಪಂಡಿತರ ಮನೆಯಿಂದ ಎತ್ತಿಕೊಂಡು ಬಂದ ಹಾಗಿರುವ ಒಂದು ಉದ್ದನೆಯ ಶಬ್ದ. ಬೀದಿಯ ಮಾತೂ ಗ್ರಂಥಾಲಯದ ಮಾತೂ ಒಂದೇ ಉಸಿರಿನಲ್ಲಿ ಬರುವುದು ಅವನ ವರಸೆ. ಎರಡೂ ಕಡೆ ಬಾಳಿದವನಿಗಷ್ಟೇ ಅದು ಸಾಧ್ಯ.

ರೆಕಾರ್ಡಿಂಗ್ ಗಂಟೆಗಟ್ಟಲೆ ಎಳೆಯುತ್ತದೆ. ಮನೆಯಲ್ಲಿ ಕೂತು ನೋಡುವವರಿಗೆ ಸಿಗುವುದು ಜಾಹೀರಾತು ಸೇರಿ ಅರ್ಧ ಗಂಟೆ. ನಗೆ ಏಳದ ದೃಶ್ಯಗಳು ಎಡಿಟಿಂಗ್ ಕೋಣೆಯಲ್ಲಿ ಉಳಿಯುತ್ತವೆ. ಆದರೆ ನೀವು ಇಲ್ಲಿದ್ದೀರಿ, ಅವನ್ನೂ ನೋಡುತ್ತೀರಿ. ಒಬ್ಬನ ಮಾತು ಹಳ್ಳ ಹಿಡಿದಾಗ ಉಳಿದವರು ಏನು ಮಾಡುತ್ತಾರೆ ಅಂತ ಗಮನಿಸಿ. ಟೋನಿ ಕರೆಯದೇ ಏಳುತ್ತಾನೆ. ಸೋಲುತ್ತಿರುವವನ ಪಕ್ಕಕ್ಕೆ ಹೋಗಿ ಮರವಾಗಿಯೋ ನಾಯಿಯಾಗಿಯೋ ನಿಂತುಬಿಡುತ್ತಾನೆ. ಟೀವಿಯಲ್ಲಿ ಅವನಿಗೆ ಗುಳುಗುಳು ಮಾತಿನವನು, ತನ್ನತ್ತಲೇ ಬೆಳಕು ಎಳೆದುಕೊಳ್ಳುವವನು ಎಂಬ ಹೆಸರಿದೆ. ನನ್ನ ಎಣಿಕೆಯಲ್ಲಿ ಅವನ ನಿಜವಾದ ಬಂಡವಾಳ ಕಿವಿ.

ಕೊನೆಗೆ ಆಂಡರ್ಸನ್ ಅಂಕ ಘೋಷಿಸುತ್ತಾರೆ. ಯಾಕೆ ಅಷ್ಟು, ಯಾರಿಗೆ ಎಷ್ಟು, ಯಾರಿಗೂ ಗೊತ್ತಿಲ್ಲ. ಗೆದ್ದವರಿಗೆ ಬಹುಮಾನ ಎಂದರೆ ಪರದೆಯ ಮೇಲೆ ಓಡುವ ಹೆಸರುಗಳ ಪಟ್ಟಿಯನ್ನು ಹೇಳಿದ ಶೈಲಿಯಲ್ಲಿ ಓದುವುದು. ಕ್ಯಾಮೆರಾದವರ ಹೆಸರನ್ನು ಪ್ರಣಯದ ದನಿಯಲ್ಲಿ, ಮೇಕಪ್ಪಿನವರ ಹೆಸರನ್ನು ಕೊಲೆಗಾರನ ದನಿಯಲ್ಲಿ. ನೀವು ನಗುತ್ತಾ ಹೊರಗೆ ಬರುತ್ತೀರಿ.

ಈಗ ಹಿಂದಕ್ಕೆ ಹೋಗೋಣ. ಲಂಡನ್ನಿನ ವಾಯವ್ಯಕ್ಕಿರುವ ಸ್ಟೋನ್‌ಬ್ರಿಜ್. ಸರಕಾರಿ ಬಾಡಿಗೆ ಮನೆಗಳ ಬಡಾವಣೆ. ಐರ್ಲೆಂಡಿನಿಂದ ಬಂದ ಕ್ಯಾಥೊಲಿಕ್ ದಂಪತಿಗೆ ಐದು ಮಕ್ಕಳು. ಕೊನೆಯವನು ಆಂಟನಿ, 1959ರ ನವೆಂಬರ್ 9ರಂದು ಹುಟ್ಟಿದವನು. ಅಪ್ಪ ಹೈಂಜ್ ಕಾರ್ಖಾನೆಯಲ್ಲಿ ದುಡಿಯುವವರು, ಡಬ್ಬಿಯೊಳಗಿನ ಬೇಯಿಸಿದ ಕಾಳಿಗೆ ಹೆಸರಾದ ಕಂಪನಿ ಅದು. ಹುಡುಗನಿಗೆ ಓದು ಹತ್ತಿತು. ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜಿನ ಟ್ರಿನಿಟಿ ಹಾಲ್ ಸೇರಿದ. ಓದಿದ್ದು ಆಧುನಿಕ ಮತ್ತು ಮಧ್ಯಯುಗದ ಭಾಷೆಗಳು. ಹಾಸ್ಯದ ಯೋಚನೆ ತಲೆಯಲ್ಲಿ ಇರಲಿಲ್ಲ. ಮೇಷ್ಟರಾಗುವ ದಾರಿಯಲ್ಲೇ ಇದ್ದ ಎನ್ನಬೇಕು.

ಅಲ್ಲಿ ಅವನಿಗೆ ಸಿಕ್ಕಿದವನು ಸ್ಟೀವನ್ ಫ್ರೈ. ಫುಟ್‌ಲೈಟ್ಸ್ ಎಂಬ ವಿದ್ಯಾರ್ಥಿ ಹಾಸ್ಯಸಂಘಕ್ಕೆ ಇವನನ್ನು ಎಳೆದುಕೊಂಡು ಹೋದವನೂ ಅವನೇ. ಆ ಸಂಘ 1883ರದ್ದು. ಪೀಟರ್ ಕುಕ್, ಜಾನ್ ಕ್ಲೀಸ್ ಇಂಥವರೆಲ್ಲ ಅಲ್ಲಿಂದಲೇ ಹೊರಬಿದ್ದವರು.

1981ರ ಆಗಸ್ಟು, ಎಡಿನ್‌ಬರಾ. ಫ್ರಿಂಜ್ ಹಬ್ಬದ ದಿನಗಳು. ಊರಿನ ಚರ್ಚು, ಶಾಲೆ, ಸಭಾಭವನ, ನೆಲಮಾಳಿಗೆ ಎಲ್ಲವೂ ರಂಗಮಂದಿರ. ಬೀದಿಯುದ್ದಕ್ಕೂ ಕೈಗೆ ಕರಪತ್ರ ತುರುಕುವ ಹುಡುಗರು. ನೀವು ಒಂದು ಸಭಾಭವನದ ಒಳಗೆ ಹೋಗುತ್ತೀರಿ. ಫುಟ್‌ಲೈಟ್ಸ್‌ನವರ ‘ದಿ ಸೆಲ್ಲರ್ ಟೇಪ್ಸ್’ ನಡೆಯುತ್ತಿದೆ. ವೇದಿಕೆಯ ಮೇಲೆ ಆರು ಜನ ವಿದ್ಯಾರ್ಥಿಗಳು. ಎತ್ತರದ ಆ ಇಬ್ಬರು ಹ್ಯೂ ಲಾರಿ ಮತ್ತು ಸ್ಟೀವನ್ ಫ್ರೈ. ಆ ಹುಡುಗಿ ಎಮಾ ಥಾಂಪ್ಸನ್. ಜೊತೆಗೆ ಪೆನ್ನಿ ಡ್ವೈಯರ್, ಪಾಲ್ ಶಿಯರರ್. ಆರನೆಯವನು ಟೋನಿ. ಇವರಲ್ಲಿ ಒಬ್ಬಳು ಮುಂದೆ ಎರಡು ಆಸ್ಕರ್ ಗೆಲ್ಲುತ್ತಾಳೆ, ಒಬ್ಬ ಅಮೆರಿಕದ ಟೀವಿಯಲ್ಲಿ ‘ಹೌಸ್’ ಡಾಕ್ಟರಾಗುತ್ತಾನೆ ಎಂಬುದು ನಿಮಗೆ ಆಗ ಗೊತ್ತಿಲ್ಲ. ಗೊತ್ತಿದ್ದರೂ ಯಾರು ಯಾವುದು ಎಂದು ಊಹಿಸಲಾರಿರಿ. ಆ ವರ್ಷ ಫ್ರಿಂಜ್‌ನಲ್ಲಿ ಹೊಸದಾಗಿ ಒಂದು ಬಹುಮಾನ ಶುರುವಾಗಿದೆ, ಪೆರಿಯೇ ಪ್ರಶಸ್ತಿ. ಮೊಟ್ಟಮೊದಲ ಪ್ರಶಸ್ತಿ ಈ ಆರು ಜನಕ್ಕೆ. ಅದನ್ನು ಕೊಡಲು ಬಂದವನು ರೋವನ್ ಅಟ್ಕಿನ್ಸನ್. ಮುಂದಿನ ವರ್ಷ ಟೋನಿಯೇ ಫುಟ್‌ಲೈಟ್ಸ್‌ನ ಅಧ್ಯಕ್ಷ.

ಆ ಬಳಿಕದ ಕೆಲವು ವರ್ಷ ಬೇಗ ದಾಟೋಣ. ಎಲ್ಲ ಕಲಾವಿದರ ಬದುಕಿನಲ್ಲೂ ಇರುವ ವರ್ಷಗಳೇ ಅವು. ಮಕ್ಕಳ ಟೀವಿ, ತಡರಾತ್ರಿಯ ಟೀವಿ, ವ್ರಾಂಚ್ ಜೊತೆ ಕಟ್ಟಿದ ‘ಆಫ್ಟರ್‌ಟೇಸ್ಟ್’ ಎಂಬ ಇಬ್ಬರ ಜೋಡಿ. ಪಿಯಾನೊ ಮುಂದೆ ಕೂತವನಿಗೂ ನೆಲಕ್ಕೆ ಬಿದ್ದವನಿಗೂ ಕಣ್ಣಲ್ಲೇ ಮಾತು ನಡೆಯುತ್ತಿದ್ದುದಕ್ಕೆ ಹಿಂದೆ ಈ ಒಡನಾಟವಿತ್ತು. ಆಮೇಲೆ ಲಂಡನ್ನಿನ ನಾಟಕಗಳ ಕೇರಿ ವೆಸ್ಟ್ ಎಂಡಿನ ಸಂಗೀತ ನಾಟಕ ‘ಮೀ ಅಂಡ್ ಮೈ ಗರ್ಲ್’. 1980ರ ದಶಕದ ನಡುವಿನಲ್ಲಿ ಆ ನಾಟಕದಲ್ಲಿದ್ದಾಗಲೇ ನಟ ಮಾರ್ಕ್ ಮೈಕೆಲ್ ಹಚಿನ್ಸನ್ ಪರಿಚಯವಾದದ್ದು. ಆ ಪರಿಚಯ ಸಂಗಾತವಾಯಿತು, ಕೊನೆಯವರೆಗೂ ಉಳಿಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

1992ಕ್ಕೆ ಬನ್ನಿ. ಆ ವರ್ಷ ಬ್ರಿಟನ್ನಿನಲ್ಲಿ ಟೋನಿ ಸ್ಲಾಟರಿಯನ್ನು ನೋಡದೆ ಇರುವುದು ಕಷ್ಟ. ಸಿನಿಮಾಕ್ಕೆ ಹೋದಿರಿ ಅನ್ನಿ. ನೀಲ್ ಜೋರ್ಡನ್‌ನ ‘ದಿ ಕ್ರೈಯಿಂಗ್ ಗೇಮ್’ ನಡೆಯುತ್ತಿದೆ. ಕಟ್ಟಡದ ಕೆಲಸದ ಜಾಗದಲ್ಲಿ ನಾಯಕನ ಮೇಲೆ ದರ್ಪ ತೋರುವ ಧಣಿ ಇವನೇ. ಪಕ್ಕದ ಪರದೆಗೆ ಹೋದಿರಿ, ಕೆನೆತ್ ಬ್ರಾನಾನ ‘ಪೀಟರ್ಸ್ ಫ್ರೆಂಡ್ಸ್’. ಹೊಸ ವರ್ಷದ ಹೊತ್ತಿಗೆ ಹಳ್ಳಿಯ ದೊಡ್ಡ ಬಂಗಲೆಯೊಂದರಲ್ಲಿ ಕಾಲೇಜು ಗೆಳೆಯರು ಹತ್ತು ವರ್ಷದ ಮೇಲೆ ಸೇರುತ್ತಾರೆ. ಫ್ರೈ, ಲಾರಿ, ಥಾಂಪ್ಸನ್ ಆ ಗೆಳೆಯರು. ಟೋನಿ ಅವರಲ್ಲೊಬ್ಬನಲ್ಲ. ಒಬ್ಬಳು ಗೆಳತಿ ಜೊತೆಗೆ ಕಟ್ಟಿಕೊಂಡು ಬಂದ ಹೊರಗಿನವನು, ಬಾಯಿಗೆ ಬೀಗವಿಲ್ಲದ ಬ್ರಯನ್. ನಿಜ ಜೀವನದಲ್ಲಿ ಆ ಗುಂಪಿನೊಳಗಿನವನನ್ನೇ ಚಿತ್ರದಲ್ಲಿ ಹೊರಗಿನವನನ್ನಾಗಿ ಮಾಡಿದ ಚೋದ್ಯ ನೋಡಿ. ಎಲ್ಲರ ನಡುವೆ ಏನೋ ತಪ್ಪು ಮಾತಾಡಿ, ಆಡಿದ್ದು ತಪ್ಪೆಂದು ಅರ್ಧ ನಿಮಿಷ ತಡವಾಗಿ ತಿಳಿಯುವ ಆ ಮುಖವನ್ನು ಅವನು ಮಾಡುವ ರೀತಿ, ಇಡೀ ಚಿತ್ರದಲ್ಲಿ ನನಗೆ ಉಳಿದ ಸಂಗತಿ. ಮೂರನೆಯ ಪರದೆಯಲ್ಲಿ ‘ಕ್ಯಾರಿ ಆನ್ ಕೊಲಂಬಸ್’. ಅದನ್ನು ನೋಡದಿದ್ದರೂ ನಷ್ಟವಿಲ್ಲ.

ಸಿನಿಮಾ ಬೇಡವೆಂದು ನಾಟಕಕ್ಕೆ ಹೋದರೆ ವೆಸ್ಟ್ ಎಂಡಿನಲ್ಲಿ ‘ರೇಡಿಯೊ ಟೈಮ್ಸ್’ ಸಂಗೀತ ನಾಟಕ, ಮುಖ್ಯ ಪಾತ್ರ ಟೋನಿ. ಮನೆಗೆ ಬಂದು ಟೀವಿ ಹಾಕಿದರೆ ಹೂಸ್ ಲೈನ್. ಚಾನೆಲ್ ತಿರುಗಿಸಿದರೆ ಕ್ವಿಜ್, ಮತ್ತೆ ತಿರುಗಿಸಿದರೆ ಸಿನಿಮಾ ಪರಿಚಯದ ಕಾರ್ಯಕ್ರಮ, ನಡುವೆ ಜಾಹೀರಾತು. ಪತ್ರಿಕೆಗಳು ಇದನ್ನೇ ತಮಾಷೆ ಮಾಡಿದವು. ಬಂದ ಕೆಲಸಕ್ಕೆಲ್ಲ ಹೂಂ ಎನ್ನುವವನು ಎಂಬುದು ಅವನ ಗುರುತಾಯಿತು.

ನಾಲ್ಕು ಕುರ್ಚಿಗಳ ಮುಂದೆ ಹೂಂ ಎನ್ನುವುದು ವಿದ್ಯೆ. ಹೊರಗೆ ಬಂದ ಮೇಲೆ ಬಜರ್ ಒತ್ತುವವರು ಯಾರೂ ಇರುವುದಿಲ್ಲ. ಕೆಲಸಕ್ಕೆ ಹೂಂ. ಕೆಲಸ ಮುಗಿದ ಮೇಲಿನ ಕುಡಿತಕ್ಕೆ ಹೂಂ. ಆಮೇಲೆ ಕೊಕೇನಿಗೂ. ಆಶುಹಾಸ್ಯದ ಗುಣವೇ ಅವನನ್ನು ಕೆಡವಿತು ಎಂದು ಬರೆದರೆ ಓದಲು ಸೊಗಸಾಗಿರುತ್ತದೆ. ನಾನು ಹಾಗೆ ಬರೆಯುವುದಿಲ್ಲ. ಅದೇ ಕುರ್ಚಿಗಳ ಮೇಲೆ ಕೂತ ಜೋಸಿ ಲಾರೆನ್ಸ್, ಪಾಲ್ ಮರ್ಟನ್ ಇವರೂ ಅದೇ ವಿದ್ಯೆಯವರು. ಅವರು ದಶಕಗಳ ಕಾಲ ಆಡಿದರು, ಆಡುತ್ತಲೇ ಇದ್ದಾರೆ. ಟೋನಿಯನ್ನು ತಿಂದದ್ದು ಬೇರೆ, ಹಳೆಯದು. ಅದು ಮುಂದೆ ಬರುತ್ತದೆ.

ಅದಕ್ಕೂ ಮೊದಲು ಒಂದು ಸಂಜೆ ಇದೆ. 1994, ಲಂಡನ್ನಿನ ಅಪೋಲೊ ಥಿಯೇಟರ್. ಟಿಮ್ ಫರ್ತ್ ಬರೆದ ‘ನೆವಿಲ್ಸ್ ಐಲೆಂಡ್’. ಪರದೆ ಸರಿದರೆ ಕಲ್ಲು, ಮರ, ಮಂಜು, ತೇವ. ಉತ್ತರ ಇಂಗ್ಲೆಂಡಿನ ಸಾಲ್ಫರ್ಡಿನ ಒಂದು ಕಂಪನಿಯ ನಾಲ್ಕು ಜನ ಮಧ್ಯವಯಸ್ಸಿನ ಮ್ಯಾನೇಜರುಗಳು. ಒಗ್ಗಟ್ಟು ಕಲಿಯಿರಿ ಎಂದು ಕಂಪನಿ ಅವರನ್ನು ಲೇಕ್ ಡಿಸ್ಟ್ರಿಕ್ಟಿಗೆ ಕಳಿಸಿದೆ. ದೋಣಿ ಮುಳುಗಿ ಡರ್ವೆಂಟ್‌ವಾಟರ್ ಸರೋವರದ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ತಿನ್ನಲು ಹೆಚ್ಚೇನೂ ಇಲ್ಲ.  ಮೊದಲ ಅಂಕದಲ್ಲಿ ಸಭಾಂಗಣ ನಕ್ಕು ನಕ್ಕು ಸುಸ್ತಾಗುತ್ತದೆ. ಎರಡನೆಯ ಅಂಕಕ್ಕೆ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಒಬ್ಬರನ್ನೊಬ್ಬರು ಬರಿಯ ಮಾತಿನಿಂದ ಸಿಗಿದುಹಾಕುವ ನಾಲ್ಕು ಜನ.

ಇಲ್ಲಿ ಬಜರ್ ಇಲ್ಲ. ಪ್ರತಿ ಸಾಲೂ ಬರೆದದ್ದು, ನಿನ್ನೆ ಆಡಿದ್ದೇ ಇಂದು, ಇಂದು ಆಡಿದ್ದೇ ನಾಳೆ. ಆಶುನಟರಿಗೆ ಕೈಕೊಡುವ ಜಾಗ ಇದು. ಹೊಸದು ಹೇಳುವ ಚಟ ಬಿಟ್ಟಿರಲಾರದೆ ಬರೆದ ಸಾಲನ್ನು ತಿದ್ದಲು ಹೊರಟು ನಾಟಕ ಕೆಡಿಸಿದವರು ಇದ್ದಾರೆ. ಟೋನಿ ಹಾಗೆ ಮಾಡಲಿಲ್ಲ. ಬರೆದ ಸಾಲನ್ನು ಈಗಷ್ಟೇ ಹೊಳೆದ ಹಾಗೆ ಆಡಿದ. ಎದುರಿನವನ ಮಾತನ್ನು ಮೊದಲ ಸಲ ಕೇಳಿದ ಹಾಗೆ ಕೇಳಿಸಿಕೊಂಡ. 1995ರ ಆಲಿವಿಯರ್ ಪ್ರಶಸ್ತಿಗೆ ಹಾಸ್ಯನಟನೆಯ ವಿಭಾಗದಲ್ಲಿ ಅವನ ಹೆಸರು ಬಂತು. ಬ್ರಿಟನ್ನಿನ ರಂಗಭೂಮಿಯಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಇಲ್ಲ. ಆ ಹೊತ್ತಿಗೆ ಒಳಗೊಳಗೆ ಅವನು ಕುಸಿಯತೊಡಗಿದ್ದ ಎನ್ನುವುದು ಅಪೋಲೊದ ಕುರ್ಚಿಯಲ್ಲಿ ಕೂತ ನಿಮಗೆ ಹೊಳೆಯುವ ಸಂಭವವೇ ಇರಲಿಲ್ಲ.

ಹೂಸ್ ಲೈನ್‌ನಲ್ಲಿ 1995ರ ನಂತರ ಅವನು ಕಾಣುವುದಿಲ್ಲ.

1996. ಥೇಮ್ಸ್ ನದಿ ದಂಡೆಯ ಒಂದು ಗೋದಾಮು. ಅವನೇ ಬಾಡಿಗೆಗೆ ಹಿಡಿದದ್ದು. ಒಳಗೆ ಹೋಗಲು ನಮಗೆ ಹಕ್ಕಿಲ್ಲ, ಬಾಗಿಲಲ್ಲೇ ನಿಲ್ಲೋಣ. ಅವನು ತಾನೇ ಬಾಯಿಬಿಟ್ಟು ಹೇಳಿದಷ್ಟನ್ನೇ ಹೇಳುತ್ತೇನೆ. ತಿಂಗಳುಗಟ್ಟಲೆ ಯಾರನ್ನೂ ಕಾಣಲಿಲ್ಲ. ಬಂದ ಕಾಗದ ಒಡೆಯಲಿಲ್ಲ, ಫೋನ್ ಎತ್ತಲಿಲ್ಲ. ಒಂದು ಹೊತ್ತಿನಲ್ಲಿ ಮನೆಯ ವಿದ್ಯುತ್ ಉಪಕರಣಗಳನ್ನೆಲ್ಲ ನದಿಗೆ ಎಸೆಯತೊಡಗಿದ. ನದಿ ಪೊಲೀಸರು ಬಂದರು. ಗೆಳೆಯರು ಬಂದು ಬಾಗಿಲು ತಟ್ಟಿದರು. ಬಳಿಕ ಆಸ್ಪತ್ರೆ. ವೈದ್ಯರು ಬೈಪೋಲಾರ್ ಎಂದರು, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಪಾತಾಳಕ್ಕೆ ಇಳಿಯುವ ಕಾಯಿಲೆ.

ಎಲ್ಲ ಚಾನೆಲ್‌ಗಳಲ್ಲಿ ಇದ್ದವನು ಯಾವ ಚಾನೆಲ್‌ನಲ್ಲೂ ಇಲ್ಲ. ಎಲ್ಲಿ ಹೋದ ಎಂದು ಜನ ಕೇಳಿದರು. ಸ್ವಲ್ಪ ದಿನಕ್ಕೆ ಕೇಳುವುದನ್ನೂ ಬಿಟ್ಟರು. ಟೀವಿಯ ಮರೆವು ದೊಡ್ಡದು.

2006. ಈ ಸಲ ನೀವು ಮನೆಯಲ್ಲಿ, ಟೀವಿ ಮುಂದೆ. ಸ್ಟೀವನ್ ಫ್ರೈ ತನ್ನ ಕಾಯಿಲೆಯ ಬಗ್ಗೆ ಮಾಡಿದ ಬಿಬಿಸಿಯ ಎರಡು ಕಂತಿನ ಸಾಕ್ಷ್ಯಚಿತ್ರ ಬರುತ್ತಿದೆ. ಫ್ರೈಗೂ ಅದೇ ಬೈಪೋಲಾರ್. ತನ್ನಂಥವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಿದ್ದಾನೆ. ಎದುರಿಗೆ ಬಂದು ಕೂತವನು ಟೋನಿ. ಮುಖ ಊದಿದೆ, ವಯಸ್ಸು ಒಮ್ಮೆಲೇ ಬಂದ ಹಾಗಿದೆ. ಗೋದಾಮಿನ ಕಥೆ ಹೇಳುತ್ತಾನೆ. ಹೇಳುವ ಲಯ ಮಾತ್ರ ಹಳೆಯದೇ: ಎಲ್ಲಿ ನಿಲ್ಲಿಸಬೇಕು, ಯಾವ ಶಬ್ದವನ್ನು ಕೊನೆಗೆ ಇಡಬೇಕು ಎನ್ನುವ ಲೆಕ್ಕ ತಪ್ಪಿಲ್ಲ. ನದಿಗೆ ಸಾಮಾನು ಎಸೆದ ಸಂಗತಿಗೆ ನಿಮಗೆ ನಗು ಬಂದೇ ಬಿಡುತ್ತದೆ. ಬಂದ ಮೇಲೆ ನಾಚಿಕೆಯಾಗುತ್ತದೆ. 1981ರಲ್ಲಿ ಒಂದೇ ವೇದಿಕೆಯ ಮೇಲೆ ನಿಂತ ಇಬ್ಬರು ಇಪ್ಪತ್ತೈದು ವರ್ಷದ ಮೇಲೆ ಹೀಗೆ ಕೂತಿದ್ದಾರೆ. ಬ್ರಿಟನ್ನಿನಲ್ಲಿ ಎಷ್ಟೋ ಮನೆಗಳಲ್ಲಿ ಈ ಕಾಯಿಲೆಯ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಆಡುವಂತೆ ಮಾಡಿದ ಕಾರ್ಯಕ್ರಮ ಅದು.

ಅಷ್ಟು ಹೊತ್ತಿಗೆ ಕೆಲಸ ಮತ್ತೆ ಚೂರುಪಾರು ಸಿಗತೊಡಗಿತ್ತು. 2005ರಲ್ಲಿ ‘ಕೊರೊನೇಷನ್ ಸ್ಟ್ರೀಟ್’ ಧಾರಾವಾಹಿಯಲ್ಲಿ ಒಂದು ಪಾತ್ರ. 2007ರಿಂದ 2009ರವರೆಗೆ ಐಟಿವಿಯ ‘ಕಿಂಗ್‌ಡಮ್’, ಒಟ್ಟು ಮೂರು ಸರಣಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾರ್ಫಕ್‌ನ ಸ್ವಾಫಮ್ ಎಂಬ ಸಂತೆಯ ಊರಿನ ಬೀದಿಗಳಲ್ಲಿ ಚಿತ್ರೀಕರಣ. ಫ್ರೈ ಊರಿನ ಸಜ್ಜನ ವಕೀಲ. ಟೋನಿ ಸಿಡ್ನಿ ಸ್ನೆಲ್, ಬಾಗಿಲು ತಳ್ಳಿಕೊಂಡು ಪದೇಪದೇ ಬರುವ ಕಕ್ಷಿದಾರ. ಕೊಳಕು ಕೋಟು, ಹತ್ತಿರ ಬಂದರೆ ಮೂಗು ಮುಚ್ಚಬೇಕು, ಕೈಯಲ್ಲಿ ಸದಾ ಯಾರ ಮೇಲಾದರೂ ಹೂಡಬೇಕಾದ ಒಂದು ದಾವೆ. ಚೆಲುವನಾಗಿ ಹೆಸರು ಮಾಡಿದವನು ಆ ಚೆಲುವನ್ನು ಬದಿಗಿಟ್ಟು ಈ ವೇಷ ತೊಟ್ಟ. ಕಂತಿಗೆ ಕೆಲವೇ ನಿಮಿಷದ ಪಾತ್ರ. ಅವನು ಒಳಗೆ ಬಂದಾಗ ಫ್ರೈ ಮುಖದಲ್ಲಿ ಏಳುವ ಗೆಲುವು ಬರೀ ನಟನೆಯದಲ್ಲ ಅಂತ ನನಗೆ ಅನಿಸಿದೆ.

2017ರ ಎಡಿನ್‌ಬರಾ. ಮತ್ತೆ ಆಗಸ್ಟು, ಮತ್ತೆ ಕರಪತ್ರದ ಹುಡುಗರು. ಹೂಸ್ ಲೈನ್ ಹಳೆಯ ಬಳಗ ರಂಗದ ಮೇಲೆ ಒಟ್ಟಾಗಿದೆ. ಅದೇ ಆಂಡರ್ಸನ್, ಅದೇ ಬಜರ್. ಜೋಸಿ ಲಾರೆನ್ಸ್ ಇದ್ದಾಳೆ, ಮೈಕ್ ಮೆಕ್‌ಶೇನ್ ಇದ್ದಾನೆ. ಆ ಮೆಕ್‌ಶೇನ್ ಅಮೆರಿಕದವನು, ಹಿಂದೆ ಟೋನಿಯ ಜೊತೆ ‘ಎಸ್ ಅಂಡ್ ಎಂ’ ಎಂಬ ಆಶುಹಾಸ್ಯದ ಸರಣಿ ಮಾಡಿದವನು. ಹೆಸರಿನಲ್ಲಿ ಇಬ್ಬರ ಮೊದಲಕ್ಷರ ಮಾತ್ರವಲ್ಲದೆ ಟೋನಿಯ ಪೋಲಿತನವೂ ಇದೆ. ಈಗ ಟೋನಿ ಎದ್ದು ಬರುತ್ತಾನೆ. ಮೈ ಭಾರವಾಗಿದೆ. ಈ ಸಲ ನೆಲಕ್ಕೆ ಬೀಳುವ ಆಟವೆಲ್ಲ ಇಲ್ಲ. ಎದುರಿನವರ ಸಾಲು ಬೀಳುತ್ತದೆ. ಅವನ ತಲೆ ಒಂದಿಷ್ಟು ಓರೆಯಾಗುತ್ತದೆ, ಕ್ಷಣ ತಡೆದು ಉತ್ತರ ಬರುತ್ತದೆ, ಸಭೆ ಹೋ ಎನ್ನುತ್ತದೆ. ಮೊದಲಿನ ವೇಗ ಇಲ್ಲ. ವೇಗ ಇಲ್ಲದೆಯೂ ಕೆಲಸ ನಡೆಯುತ್ತದೆ ಎನ್ನುವುದನ್ನು ನೋಡಿ ನನಗೇನೂ ಆಶ್ಚರ್ಯವಾಗುವುದಿಲ್ಲ, ಕಿವಿಗೆ ವಯಸ್ಸಾಗಿರಲಿಲ್ಲ.

2019ರಲ್ಲಿ ಗಾರ್ಡಿಯನ್ ಪತ್ರಿಕೆಯ ಸಂದರ್ಶನದಲ್ಲಿ ಅವನು ಅದುವರೆಗೆ ಎಲ್ಲೂ ಹೇಳದ್ದನ್ನು ಹೇಳಿದ. ಎಂಟರ ಆಸುಪಾಸಿನ ವಯಸ್ಸಿನಲ್ಲಿ ಒಬ್ಬ ಪಾದ್ರಿ ಅವನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಅಪ್ಪ ಅಮ್ಮನಿಗೆ ಅವನು ತಿಳಿಸಲೇ ಇಲ್ಲ. ಮರುವರ್ಷ, 2020ರ ಮೇ ತಿಂಗಳಲ್ಲಿ, ಬಿಬಿಸಿಯ ‘ಹೊರೈಜನ್’ ಸರಣಿ ಅವನ ಮೇಲೆಯೇ ಒಂದು ಕಾರ್ಯಕ್ರಮ ಮಾಡಿತು. ಕ್ಯಾಮೆರಾ ಅವನ ಹಿಂದೆ ಮನೋವೈದ್ಯರ ಕೋಣೆಗಳಿಗೆ ಹೋಗುತ್ತದೆ. ಬೈಪೋಲಾರ್ ಎಂಬ ಹಣೆಪಟ್ಟಿ ಸರಿಯೇ, ಕುಡಿತದ ಪಾಲು ಎಷ್ಟು, ಬಾಲ್ಯದ ಆ ಪೆಟ್ಟಿನ ಪಾಲು ಎಷ್ಟು ಎಂದು ಹುಡುಕುತ್ತದೆ. ಅವನು ಆಗಲೂ ಕುಡಿಯುತ್ತಿದ್ದ, ಮುಚ್ಚಿಡಲಿಲ್ಲ. ಆ ಕಾರ್ಯಕ್ರಮವನ್ನು ನೋಡುವುದು ಸುಲಭವಲ್ಲ. ನೋಡುತ್ತಾ ನೋಡುತ್ತಾ ನಿಮ್ಮ ಗಮನ ಪಕ್ಕದಲ್ಲಿ ಕೂತ ಇನ್ನೊಬ್ಬರ ಕಡೆ ಹೋಗುತ್ತದೆ: ಮಾರ್ಕ್ ಹಚಿನ್ಸನ್. ಟೋನಿಯ ದಿನ ಹೇಗೆ ಏಳುತ್ತದೆ, ಹೇಗೆ ಮುಳುಗುತ್ತದೆ ಎಂದು ಹೇಳುತ್ತಿದ್ದಾರೆ. ಮೂರು ದಶಕ ಅವರು ನಟನೆಯ ಅವಕಾಶಗಳಿಗಿಂತ ಈ ಮನುಷ್ಯನನ್ನು ಕಾಯ್ದದ್ದೇ ಹೆಚ್ಚು. ಟೋನಿಯ ವೃತ್ತಿಜೀವನದ ಬಗ್ಗೆ ಬರೆಯುವವರು ಈ ದುಡಿಮೆಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ. ಹಚಿನ್ಸನ್ ಇರದಿದ್ದರೆ 1996ರ ನಂತರದ ಪುಟಗಳೇ ಇರುತ್ತಿರಲಿಲ್ಲ.

ಆ ಪುಟಗಳು ಕಡಿಮೆಯೇನಲ್ಲ. ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಆಶುಹಾಸ್ಯ ಆಡಿದ. ಹೊಸ ಹುಡುಗರ ಜೊತೆ ಊರೂರು ತಿರುಗಿದ. 2024ರ ಅಕ್ಟೋಬರಿನಲ್ಲಿ ಪಾಡ್‌ಕಾಸ್ಟ್ ಶುರು ಮಾಡಿ ಅದಕ್ಕೆ ‘ರ‍್ಯಾಂಬ್ಲಿಂಗ್ ಕ್ಲಬ್’ ಎಂದು ಹೆಸರಿಟ್ಟ. ತಾಳತಪ್ಪಿ ಎಲ್ಲೆಲ್ಲಿಗೋ ಹೋಗುವ ತನ್ನ ಮಾತಿಗೆ ತಾನೇ ಕೊಟ್ಟ ಬಿರುದು. ಮೂರು ತಿಂಗಳು ಕಳೆದಿತ್ತು. ಒಂದು ಭಾನುವಾರ ಸಂಜೆ ಹೃದಯಾಘಾತವಾಯಿತು. 2025ರ ಜನವರಿ 14ರಂದು ತೀರಿಕೊಂಡ. ವಯಸ್ಸು 65. ಸುದ್ದಿಯನ್ನು ಹೊರಗೆ ತಿಳಿಸಿದ ಹೇಳಿಕೆ ಬಂದದ್ದು ಹಚಿನ್ಸನ್ ಪರವಾಗಿ.

ಶ್ರದ್ಧಾಂಜಲಿಗಳಲ್ಲಿ ಬಹಳ ಕಂಡದ್ದು ಒಂದೇ ಧಾಟಿ: ಫ್ರೈ, ಲಾರಿ, ಥಾಂಪ್ಸನ್ ಜೊತೆ ಹೊರಟವನು, ಅವರಷ್ಟು ಎತ್ತರ ಮುಟ್ಟದೇ ಹೋದ. ಈ ಅಳತೆಗೋಲು ನನಗೆ ಒಪ್ಪಿಗೆಯಿಲ್ಲ. ಆಸ್ಕರಿನ ಲೆಕ್ಕ ಸಿನಿಮಾದವರದು. ಏನೂ ಇಲ್ಲದ ನೆಲದ ಮೇಲೆ ನಿಂತು, ಎದುರಿನವನ ಒಂದು ಸಾಲಿನಿಂದ ಅರ್ಧ ನಿಮಿಷದಲ್ಲಿ ಮನೆ, ಅಪ್ಪ, ಅಮ್ಮ, ಸುಳ್ಳು, ಸಾವು ಎಲ್ಲವನ್ನೂ ಎಬ್ಬಿಸಿ ನಗಿಸುವ ಕಲೆಯಲ್ಲಿ ಆ ಆರು ಜನರ ಪೈಕಿ ಅವನಿಗೆ ಸಮನಾದವರಿಲ್ಲ. ಅವನು ತನ್ನ ಕಲೆಯಲ್ಲಿ ತುದಿ ಮುಟ್ಟಿದವನೇ.

ಹೂಸ್ ಲೈನ್ ಬ್ರಿಟಿಷ್ ಕಂತುಗಳು ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುತ್ತವೆ. ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಆಮೇಲೆ ಬಂದ ಅಮೆರಿಕದ ಅವತಾರ. ಹಾಗಾಗಿ 1988ರಿಂದ 1995ರೊಳಗಿನದನ್ನು ಆರಿಸಿಕೊಳ್ಳಿ. ಅವನು ಮಾತಾಡುವಾಗ ನೀವು ಹೇಗೂ ನೋಡುತ್ತೀರಿ. ಬೇರೆಯವರು ಮಾತಾಡುವಾಗಲೂ ಅವನನ್ನೇ ನೋಡಿ.